ಆಟೋಮ್ಯಾಟಿಕ್ ಕಾರಿನ ಗೇರ್ ನಾಬ್ ಮುರಿದರೆ ಲಿವರ್ ಸಾಗಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ನಾಬ್, ಅಂದರೆ ಗೇರ್ ಲಿವರಿನ ತುದಿಯ ಹಿಡಿ, ಮುರಿದು ಲಿವರ್ ‘ಪಿ’ಯಲ್ಲೇ (ಪಾರ್ಕ್) ಸಿಕ್ಕಿಕೊಂಡರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಲಿವರಿನ ಪಕ್ಕದ ಸಣ್ಣ ಮುಚ್ಚಳ ಎಬ್ಬಿಸಿ, ಒಳಗಿನ ರಂಧ್ರಕ್ಕೆ ಕೀ ತೂರಿಸಿ ಒತ್ತುತ್ತಾರೆ. ಅಲುಗುವುದಿಲ್ಲ. ಇನ್ನೂ ಜೋರಾಗಿ ಒತ್ತುತ್ತಾರೆ. ಆಮೇಲೆ ಇಬ್ಬರು ಸೇರಿ ಲಿವರನ್ನೇ ಎಳೆಯುತ್ತಾರೆ. ಅಷ್ಟರಲ್ಲಿ ನಾಬ್ ಒಂದರ ಖರ್ಚಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಕನ್ಸೋಲ್ (ಲಿವರಿನ ಸುತ್ತಲಿನ ಪೆಟ್ಟಿಗೆ), ಕೇಬಲ್ ಎಲ್ಲ ಸೇರಿಕೊಂಡಿರುತ್ತದೆ.

ಲಿವರಿಗೆ ಬೀಗ ಒಂದಲ್ಲ, ಎರಡು. ಯಾವ ಬೀಗ ಹಿಡಿದಿದೆ ಎಂದು ಮೊದಲು ಗುರುತಿಸಿ, ಆಮೇಲೆ ಕೈ ಹಾಕಬೇಕು. ಈ ಬರಹದ ಒಂದು ದೊಡ್ಡ ಭಾಗ ಆ ಗುರುತಿಸುವ ಕೆಲಸಕ್ಕೇ ಮೀಸಲು, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ.

## ಎರಡು ಬೀಗಗಳು

ಮೊದಲನೆಯದು ಕಬ್ಬಿಣದ್ದು. ಗೇರ್ ಲಿವರ್ ಒಳಗೆ ಟೊಳ್ಳಾದ ನಳಿಕೆ. ಅದರೊಳಗೆ ಸ್ಪ್ರಿಂಗ್ ಮೇಲೆ ಕೂತ ಒಂದು ಸಪೂರ ರಾಡ್ ಇದೆ. ರಾಡಿನ ಬುಡದಲ್ಲಿ ಅಡ್ಡ ಪಿನ್. ಆ ಪಿನ್, ಹಲ್ಲುಹಲ್ಲಾಗಿ ಕತ್ತರಿಸಿದ ಒಂದು ತಗಡಿನ ಕಚ್ಚಿನಲ್ಲಿ ಬಾಗಿಲ ಅಗಳಿಯಂತೆ ಕೂತಿರುತ್ತದೆ. ನೀವು ನಾಬಿನ ಬಟನ್ ಒತ್ತಿದಾಗ ಒಳಗಿನ ಓರೆಯಾದ ಪ್ಲಾಸ್ಟಿಕ್ ತುಂಡು ರಾಡನ್ನು ಕೆಳಕ್ಕೆ ತಳ್ಳುತ್ತದೆ (ಕೆಲವು ಕಾರುಗಳಲ್ಲಿ ಮೇಲಕ್ಕೆ ಎಳೆಯುತ್ತದೆ), ಪಿನ್ ಕಚ್ಚಿನಿಂದ ಹೊರಬರುತ್ತದೆ, ಲಿವರ್ ಸಾಗುತ್ತದೆ. ನಾಬ್ ಮುರಿಯಿತು ಎಂದರೆ ಹೆಚ್ಚಾಗಿ ಮುರಿದಿರುವುದು ಈ ಓರೆ ತುಂಡು.

ಎರಡನೆಯದು ವಿದ್ಯುತ್ತಿನದು. ಬ್ರೇಕ್ ಒತ್ತದೆ ಯಾರೂ ‘ಪಿ’ಯಿಂದ ಲಿವರ್ ತೆಗೆಯದಂತೆ ತಡೆಯುವ ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ಕೆಲಸ ಮಾಡುವ ಸಣ್ಣ ಅಯಸ್ಕಾಂತದ ಅಗಳಿ ಅದು. ಬ್ರೇಕ್ ಒತ್ತಿದಾಗ ಪೆಡಲಿನ ಸ್ವಿಚ್ಚಿನಿಂದ ಸಿಗ್ನಲ್ ಬಂದು, ಲಿವರಿನ ಬುಡದಲ್ಲಿ ‘ಟಕ್’ ಎಂದು ಸಣ್ಣ ಸದ್ದಾಗಿ ಬಿಡುತ್ತದೆ. ಪಕ್ಕದ ರಂಧ್ರಕ್ಕೆ ಕೀ ಹಾಕಿದರೆ ಬಿಡುವುದು ಈ ಬೀಗ ಮಾತ್ರ. ನಾಬಿನ ಬಟನ್ ಸತ್ತಿರುವಾಗ ಆ ರಂಧ್ರವನ್ನು ದಿನವಿಡೀ ಒತ್ತಿದರೂ ಪಿನ್ ಕಚ್ಚಿನಲ್ಲೇ ಇರುತ್ತದೆ.

## ಯಾವ ಕಾರುಗಳಿಗೆ ಇದು ಅನ್ವಯ

ನಾಬಿನಲ್ಲಿ ಬಟನ್ ಇದ್ದು, ಪಿ-ಆರ್-ಎನ್-ಡಿ (ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್) ನೇರ ಸಾಲಿನಲ್ಲಿದ್ದು, ಲಿವರಿನಿಂದ ಗೇರ್ ಬಾಕ್ಸಿಗೆ ಕೇಬಲ್ ಹೋಗುವ ಸಿವಿಟಿ ಅಥವಾ ಟಾರ್ಕ್ ಕನ್ವರ್ಟರ್ (ಇವು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎರಡು ಬಗೆ) ಕಾರುಗಳಿಗೆ ಮಾತ್ರ.

ಲಿವರನ್ನು ಅಂಕುಡೊಂಕಾದ ಹಾದಿಯಲ್ಲಿ ಸಾಗಿಸುವ ಕಾರುಗಳಲ್ಲಿ ಬಟನ್ ಇರುವುದಿಲ್ಲ. ಅಲ್ಲಿ ನಾಬ್ ಹೋದರೆ ಹಿಡಿ ಹೋಯಿತು ಅಷ್ಟೇ. ಸೆಲೆರಿಯೋ, ವ್ಯಾಗನ್ ಆರ್, ಟಿಯಾಗೋದಂಥ ಎಎಂಟಿ (ಮ್ಯಾನುಯಲ್ ಗೇರ್ ಬಾಕ್ಸನ್ನೇ ಯಂತ್ರದಿಂದ ನಡೆಸುವ) ಕಾರುಗಳಲ್ಲಿ ‘ಪಿ’ ಸ್ಥಾನವೇ ಇಲ್ಲ. ಅವಕ್ಕೂ ಮುಂದಿನ ಹಂತಗಳು ಬೇಡ. ಡಯಲ್ ತಿರುಗಿಸಿ ಗೇರ್ ಹಾಕುವ ಕಾರುಗಳಲ್ಲಿ, ಲಿವರ್ ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಮರಳುವ ಕಾರುಗಳಲ್ಲಿ ಕೇಬಲ್ ಬದಲು ವೈರ್ ಇರುತ್ತದೆ. ಅವುಗಳನ್ನು ಬಿಚ್ಚಲು ಹೋಗಬೇಡಿ, ರಿಕವರಿ ವ್ಯಾನಿಗೆ ಫೋನ್ ಮಾಡಿ.

## ಬೇಕಾದ ಸಾಮಾನು

ಚಪ್ಪಟೆ ಸ್ಕ್ರೂ ಡ್ರೈವರ್, ಸ್ಟಾರ್ ಸ್ಕ್ರೂ ಡ್ರೈವರ್, ಟಾರ್ಚ್, ನೋಸ್ ಪ್ಲೈಯರ್, ಇನ್ಸುಲೇಷನ್ ಟೇಪ್, ಒಂದು ಹಳೆಯ ಬಟ್ಟೆ. ರಾಡ್ ಒತ್ತಲು 3ರಿಂದ 4 ಮಿ.ಮೀ. ದಪ್ಪದ ಅಲೆನ್ ಕೀ ಎಲ್ಲಕ್ಕಿಂತ ಒಳ್ಳೆಯದು: ತುದಿ ಚಪ್ಪಟೆ, ಬಾಗುವುದಿಲ್ಲ, ‘ಎಲ್’ ಆಕಾರ ಇರುವುದರಿಂದ ಹಿಡಿಯಲು ಸುಲಭ. ಸೈಕಲ್ ಕಡ್ಡಿ, ಮೊಳೆ ಬೇಡ. ಕಡ್ಡಿ ಬಾಗುತ್ತದೆ, ಮೊಳೆ ಕೈ ಜಾರಿ ನಳಿಕೆಯೊಳಗೆ ಬಿದ್ದರೆ ಲಿವರನ್ನೇ ಬಿಚ್ಚಬೇಕಾಗುತ್ತದೆ.

ಟೈರಿಗೆ ಕೊಡಲು ಕನಿಷ್ಠ ಎರಡು ಅಡೆಗಳು. ನಮ್ಮ ಕಾಸರಗೋಡಿನ ಕಡೆ ಅಂಗಳದ ಮೂಲೆಯಲ್ಲಿ ಮುರಕಲ್ಲು (ಮನೆ ಕಟ್ಟುವ ಕೆಂಪು ಕಲ್ಲು) ಇಲ್ಲದ ಮನೆ ಕಡಿಮೆ. ಒಡೆದ ಅರ್ಧ ಕಲ್ಲು ಸಾಕು, ಆದರೆ ಮಳೆಯಲ್ಲಿ ನೆನೆದು ಪುಡಿಯಾಗುತ್ತಿರುವ ಕಲ್ಲು ಬೇಡ. ಉರುಟು ಕಲ್ಲಂತೂ ಬೇಡವೇ ಬೇಡ, ಅದು ಟೈರಿನ ಜೊತೆಗೇ ಉರುಳುತ್ತದೆ. ಮರದ ಬೆಣೆ ಇದ್ದರೆ ಇನ್ನೂ ಒಳ್ಳೆಯದು.

ತಾತ್ಕಾಲಿಕ ಹಿಡಿಗೆ ತೋಟಕ್ಕೆ ನೀರು ಬಿಡುವ ಅರ್ಧ ಇಂಚಿನ ಹೋಸ್ ಪೈಪಿನ ಗೇಣುದ್ದದ ತುಂಡು ಮತ್ತು ಒಂದು ಹೋಸ್ ಕ್ಲಿಪ್ ಇಟ್ಟುಕೊಳ್ಳಿ.

## ಹಂತ 1: ಕಾರು ಉರುಳದಂತೆ ಮಾಡಿ

ಬೇರೆ ಏನನ್ನೂ ಮುಟ್ಟುವ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಹಿಂದಿನ ಎರಡೂ ಟೈರುಗಳಿಗೆ, ಇಳಿಜಾರಿನ ಕೆಳಬದಿಯಲ್ಲಿ, ಟೈರಿಗೆ ತಾಗುವಂತೆ ಕಲ್ಲು ಕೊಡಿ. ನಾಲ್ಕು ಇಂಚು ದೂರ ಇಟ್ಟ ಕಲ್ಲು ಪ್ರಯೋಜನಕ್ಕಿಲ್ಲ, ಉರುಳಿ ಬಂದ ಕಾರು ಅದನ್ನು ಹಾರಿ ಹೋಗಬಹುದು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ‘ಪಿ’ಯಲ್ಲಿ ಕಾರನ್ನು ಹಿಡಿದಿರುವುದು ಗೇರ್ ಬಾಕ್ಸಿನೊಳಗಿನ ಒಂದು ಸಣ್ಣ ಕೊಕ್ಕೆ. ಮುಂದಿನ ಹಂತಗಳಲ್ಲಿ ನೀವು ಆ ಕೊಕ್ಕೆಯನ್ನೇ ಬಿಡಿಸುತ್ತೀರಿ. ಜೊತೆಗೆ, ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲ್ ಎರಡು-ಮೂರು ಸಲ ಒತ್ತಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಉರುಳುತ್ತಿರುವ ಕಾರನ್ನು ಆಮೇಲೆ ಕಾಲಿನಿಂದ ನಿಲ್ಲಿಸುವುದು ಕಷ್ಟ. ಕಾರಿನ ಮುಂದೆ, ಹಿಂದೆ ಮಕ್ಕಳು ಇರಕೂಡದು.

ರಸ್ತೆಯಲ್ಲಿ ನಿಂತಿದ್ದರೆ ನಾಲ್ಕೂ ಇಂಡಿಕೇಟರ್ ಹಾಕಿ, ತ್ರಿಕೋನ ಫಲಕವನ್ನು ಸುಮಾರು 50 ಮೀಟರ್ ಹಿಂದೆ ಇಡಿ. ತಿರುವಿನಲ್ಲಿ ನಿಂತಿದ್ದರೆ ತಿರುವಿಗಿಂತ ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಾದರೆ ಅಲ್ಲೇ ರಿಪೇರಿಗೆ ಇಳಿಯುವುದು ಬೇಡ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ತಡೆಬೇಲಿಯ ಆಚೆ ನಿಂತುಕೊಳ್ಳಿ.

## ಹಂತ 2: ನಿಜಕ್ಕೂ ನಾಬಿನದೇ ದೋಷವೇ?

ಕೀ ‘ಆನ್’ಗೆ ತನ್ನಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಟನ್ ಸ್ಟಾರ್ಟ್ ಕಾರಾದರೆ ಬ್ರೇಕ್ ಒತ್ತದೆ ಬಟನನ್ನು ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ‘ಆನ್’ ಆಗುತ್ತದೆ. ಈಗ ಕೆಳಗಿನ ಕ್ರಮದಲ್ಲೇ ನೋಡಿ.

ಬ್ಯಾಟರಿ. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿವೆಯೇ? ಗಲ್ಫಿನಿಂದ ರಜೆಗೆ ಬಂದವರು ಆರೇಳು ತಿಂಗಳು ಮುಚ್ಚಿಟ್ಟ ಕಾರು ತೆಗೆಯುವಾಗ ಲಿವರ್ ಬಾರದೆ ‘ನಾಬ್ ಹೋಯಿತು’ ಎಂದುಕೊಳ್ಳುವುದು ನಮ್ಮ ಕಡೆ ಸಾಮಾನ್ಯ. ಬ್ಯಾಟರಿ ಸತ್ತಿದ್ದರೆ ಸೊಲೆನಾಯ್ಡ್ ಕೆಲಸ ಮಾಡುವುದಿಲ್ಲ, ನಾಬ್ ಚೆನ್ನಾಗಿಯೇ ಇರುತ್ತದೆ.

ಬ್ರೇಕ್ ಲೈಟ್. ಬ್ರೇಕ್ ಒತ್ತಿ, ಹಿಂದೆ ಯಾರನ್ನಾದರೂ ನಿಲ್ಲಿಸಿ ಕೇಳಿ, ಅಥವಾ ಗೋಡೆಯ ಮೇಲೆ ಕೆಂಪು ಬೆಳಕು ಬೀಳುತ್ತದೆಯೇ ಕನ್ನಡಿಯಲ್ಲಿ ನೋಡಿ. ಲೈಟ್ ಉರಿಯದಿದ್ದರೆ ದೋಷ ಬ್ರೇಕ್ ಸ್ವಿಚ್ಚಿನದು ಅಥವಾ ಫ್ಯೂಸಿನದು. ಪಕ್ಕದ ರಂಧ್ರ ಇರುವುದು ಇಂಥ ಸಂದರ್ಭಕ್ಕೆ. ಆದರೆ ಬ್ರೇಕ್ ಲೈಟ್ ಇಲ್ಲದ ಕಾರನ್ನು ರಸ್ತೆಗೆ ಇಳಿಸಬೇಡಿ.

‘ಟಕ್’ ಸದ್ದು. ಕಿಟಕಿ ಮುಚ್ಚಿ, ಎಸಿ, ರೇಡಿಯೋ ನಿಲ್ಲಿಸಿ, ಬ್ರೇಕ್ ಒತ್ತಿ ಬಿಡಿ. ಲಿವರಿನ ಬುಡದಿಂದ ಸದ್ದು ಬಂದರೆ ವಿದ್ಯುತ್ತಿನ ಬೀಗ ಸರಿಯಿದೆ.

ಬಟನ್. ಹೆಬ್ಬೆರಳಿನಿಂದ ಒತ್ತಿ ನೋಡಿ. ತಡೆಯೇ ಇಲ್ಲದೆ ಲೊಡಲೊಡ ಎಂದು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ ಎಂದಾದರೆ ಓರೆ ತುಂಡು ಮುರಿದಿದೆ. ನಾಬ್ ಅಲುಗಾಡಿಸಿದಾಗ ಒಳಗೆ ಪ್ಲಾಸ್ಟಿಕ್ ಚೂರಿನ ಸದ್ದೂ ಕೇಳಬಹುದು. ಇದಕ್ಕೆ ಹಂತ 4 ಬೇಕು.

ಬಟನ್ ಗಟ್ಟಿಯಾಗಿ ನಿಂತು ಒಳಗೆ ಹೋಗುವುದೇ ಇಲ್ಲ ಎಂದರೆ ಅವಸರ ಪಡಬೇಡಿ. ಬಹಳಷ್ಟು ಕಾರುಗಳಲ್ಲಿ ಸೊಲೆನಾಯ್ಡ್ ಬಿಡದಿದ್ದಾಗ ಬಟನ್ ಹೀಗೆಯೇ ನಿಲ್ಲುತ್ತದೆ. ಮುರಿಯದ ನಾಬನ್ನು ಕೈಯಾರೆ ಮುರಿಯುವುದು ಈ ಹೊತ್ತಿನಲ್ಲಿ: ಬ್ರೇಕ್ ಸರಿಯಾಗಿ ಒತ್ತದೆ, ಎರಡೂ ಹೆಬ್ಬೆರಳು ಸೇರಿಸಿ ಬಟನ್ ಒತ್ತಿದಾಗ ಒಳಗಿನ ಪ್ಲಾಸ್ಟಿಕ್ ‘ಚಟ್’ ಎನ್ನುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಗಾಜು ಮುಚ್ಚಿ ನಿಂತು ನಿಂತು ಪೆಡಸಾದ ಪ್ಲಾಸ್ಟಿಕಿಗೆ ಅಷ್ಟು ಬಲ ಸಾಕು. ಮೊದಲು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಮತ್ತೆ ನೋಡಿ. ಆಗಲೂ ಬಾರದಿದ್ದರೆ ರಂಧ್ರದ ದಾರಿ ನೋಡಿ.

ಡಿಸ್‌ಪ್ಲೇ. ಲಿವರ್ ಸಲೀಸಾಗಿ ಹಿಂದೆ ಮುಂದೆ ಹೋಗುತ್ತದೆ, ಆದರೆ ಮೀಟರಿನಲ್ಲಿ ಅಕ್ಷರ ಬದಲಾಗುವುದಿಲ್ಲ ಎಂದರೆ ನಾಬಿಗೆ ಸಂಬಂಧವಿಲ್ಲ, ಕೇಬಲಿನ ತುದಿಯ ಬುಶ್ (ಜೋಡಿಸುವ ಸಣ್ಣ ಬಳೆ) ಕಳಚಿದೆ ಅಥವಾ ಒಡೆದಿದೆ. ಲಿವರ್ ‘ಪಿ’ ತೋರಿಸುವಾಗ ಗೇರ್ ಬಾಕ್ಸ್ ‘ಡಿ’ಯಲ್ಲೇ ಇರಬಹುದು. ಎಂಜಿನ್ ಸ್ಟಾರ್ಟ್ ಮಾಡಲೇ ಬೇಡಿ.

## ಹಂತ 3: ಇಳಿಜಾರಿನಲ್ಲಿ ನಿಂತ ಕಾರಾದರೆ

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆ ಗುಡ್ಡದ ಬದಿ ಕಡಿದು ಮಾಡಿದ ಅಂಗಳಗಳೇ ಹೆಚ್ಚು. ಹ್ಯಾಂಡ್ ಬ್ರೇಕ್ ಹಾಕದೆ ಬರೀ ‘ಪಿ’ಯಲ್ಲಿ ನಿಲ್ಲಿಸಿದ್ದರೆ ಕಾರಿನ ಇಡೀ ಭಾರ ಆ ಸಣ್ಣ ಕೊಕ್ಕೆಯ ಮೇಲೆ ಕೂತಿರುತ್ತದೆ. ಆಗ ಬಟನ್ ಸರಿಯಾಗಿಯೇ ಒಳಗೆ ಹೋಗುತ್ತದೆ, ಲಿವರ್ ಮಾತ್ರ ಬಿಗಿ.

ಪರಿಹಾರ ಬಲ ಅಲ್ಲ, ಭಾರ ಇಳಿಸುವುದು. ಕಾರಿನ ಮೇಲ್ಬದಿಯಲ್ಲಿ ಇನ್ನೊಂದು ವಾಹನಕ್ಕೆ ಗಟ್ಟಿ ಹಗ್ಗ ಕಟ್ಟಿ, ಹ್ಯಾಂಡ್ ಬ್ರೇಕ್ ಬಿಟ್ಟು, ಮೇಲಕ್ಕೆ ಒಂದೆರಡು ಇಂಚು ಎಳೆಸಿ. ಟೈರ್ ಸರಿದ ಜಾಗಕ್ಕೆ ಕಲ್ಲನ್ನು ಉದ್ದ ಕೋಲಿನಿಂದ ದೂಡಿ, ಹ್ಯಾಂಡ್ ಬ್ರೇಕ್ ಮತ್ತೆ ಎಳೆಯಿರಿ. ಕಾರಿನ ಕೆಳಬದಿಯಲ್ಲಿ ನಿಂತು ಮೇಲಕ್ಕೆ ದೂಡಲು ಯಾರನ್ನೂ ಬಿಡಬೇಡಿ, ಎಷ್ಟೇ ಜನ ಇದ್ದರೂ ಸರಿ. ಮುಂದಿನ ಟೈರ್ ಜಾಕ್ ಹಾಕಿ ಎತ್ತುವ ಉಪಾಯವೂ ಬೇಡ. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಿನಲ್ಲಿ ಒಂದು ಚಕ್ರ ಎತ್ತಿದರೂ ‘ಪಿ’ಯ ಹಿಡಿತ ಹೋಗುತ್ತದೆ.

## ಹಂತ 4: ಮುರಿದ ನಾಬ್ ತೆಗೆಯುವುದು

ತೆಗೆಯುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಬದಿಯಿಂದ ಫೋಟೋ ತೆಗೆದುಕೊಳ್ಳಿ. ಹೊಸದನ್ನು ತರಲೂ ಜೋಡಿಸಲೂ ಅದು ಬೇಕಾಗುತ್ತದೆ.

ನಾಬಿನ ಬುಡದ ಅಲಂಕಾರದ ಬಳೆಯನ್ನು ಅಥವಾ ರೆಕ್ಸಿನ್ ಚೀಲದ ಅಂಚನ್ನು ಬಟ್ಟೆ ಸುತ್ತಿದ ಸ್ಕ್ರೂ ಡ್ರೈವರಿನಿಂದ ಕೆಳಕ್ಕೆ ಸರಿಸಿ. ಮೂರರಲ್ಲಿ ಒಂದು ಕಾಣಿಸುತ್ತದೆ: ಒಂದೆರಡು ಸ್ಕ್ರೂ, ‘ಯು’ ಆಕಾರದ ತಂತಿ ಕ್ಲಿಪ್, ಅಥವಾ ಏನೂ ಇಲ್ಲ. ಸ್ಕ್ರೂ ಇದ್ದರೆ ಬಿಚ್ಚಿ. ಕ್ಲಿಪ್ ಇದ್ದರೆ ಪ್ಲೈಯರಿನಿಂದ ನೇರ ಎಳೆಯಿರಿ. ಏನೂ ಇಲ್ಲದಿದ್ದರೆ ಅದು ಹೆಚ್ಚಾಗಿ ಒತ್ತಿ ಕೂರಿಸಿದ ನಾಬ್, ಎರಡೂ ಕೈಯಿಂದ ಮೇಲಕ್ಕೆ ಎಳೆದರೆ ಬರುತ್ತದೆ. ಎಳೆಯುವಾಗ ಮುಖ ನಾಬಿನ ಮೇಲೆ ಬಾಗಿರಬಾರದು. ಅದು ಒಮ್ಮೆಲೇ ಕಳಚಿ ಹಲ್ಲಿಗೋ ಮೂಗಿಗೋ ಬಡಿಯುತ್ತದೆ.

ನಾಬನ್ನು ತಿರುಪಬೇಡಿ, ಕನಿಷ್ಠ ಒಳಗೆ ವೈರ್ ಇದೆಯೇ ಎಂದು ನೋಡುವ ತನಕ. ನಾಬಿನ ಬದಿಯಲ್ಲಿ ‘ಒ/ಡಿ’ (ಓವರ್‌ಡ್ರೈವ್) ಅಥವಾ ಸ್ಪೋರ್ಟ್ ಎಂಬ ಇನ್ನೊಂದು ಸಣ್ಣ ಸ್ವಿಚ್ ಇದ್ದರೆ ಕೂದಲಿನಷ್ಟು ಸಪೂರ ವೈರುಗಳು ಲಿವರ್ ಪಕ್ಕದಲ್ಲೇ ಇಳಿದಿರುತ್ತವೆ. ಒಂದು ಸುತ್ತು ತಿರುಪಿದರೆ ಅವು ತುಂಡಾಗುತ್ತವೆ. ಅಂಥ ನಾಬನ್ನು ಸ್ವಲ್ಪ ಎತ್ತಿ, ವೈರಿನ ಸಾಕೆಟ್ ಸಿಕ್ಕಿದರೆ ಕಳಚಿ, ಸಿಗದಿದ್ದರೆ ಪಕ್ಕಕ್ಕೆ ಟೇಪ್ ಹಾಕಿ ನಿಲ್ಲಿಸಿ.

ಬಿದ್ದ ಪ್ಲಾಸ್ಟಿಕ್ ಚೂರು, ಸ್ಪ್ರಿಂಗ್, ಸ್ಕ್ರೂ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ. ನಳಿಕೆಯ ಬಾಯಿಗೆ ಬಟ್ಟೆ ಇಟ್ಟುಕೊಂಡು ಕೆಲಸ ಮಾಡಿ, ಒಳಗೆ ಏನೂ ಬೀಳಬಾರದು. ಈ ಕೆಲಸಕ್ಕೆ ಕನ್ಸೋಲ್ ಬಿಚ್ಚುವ ಅಗತ್ಯವೇ ಇಲ್ಲ. ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಹಲವು ಕಾರುಗಳಲ್ಲಿ ಕನ್ಸೋಲಿನ ಅಡಿಯಲ್ಲೇ ಇರುತ್ತದೆ, ಅಲ್ಲಿ ಸುತ್ತಿಗೆ, ರಾಡು ಆಡಿಸುವುದು ಅಪಾಯ.

## ಹಂತ 5: ರಾಡ್ ಒತ್ತಿ ಲಿವರ್ ಹೊರಡಿಸುವುದು

ಟಾರ್ಚ್ ಹಾಕಿ ನಳಿಕೆಯೊಳಗೆ ನೋಡಿ. ನಡುವೆ ರಾಡಿನ ತುದಿ ಕಾಣಬೇಕು, ಕೆಲವೊಮ್ಮೆ ಬಾಯಿಗಿಂತ ಸ್ವಲ್ಪ ಮೇಲೆ, ಕೆಲವೊಮ್ಮೆ ಒಳಗೆ.

ಅಲೆನ್ ಕೀಯಿಂದ ಮೆಲ್ಲಗೆ ಒತ್ತಿ. ಸ್ಪ್ರಿಂಗಿನ ತಡೆಯೊಂದಿಗೆ ಕೆಳಗೆ ಹೋಗಿ, ಬಿಟ್ಟಾಗ ಮೇಲೆ ಬಂದರೆ ನಿಮ್ಮದು ಒತ್ತುವ ಜಾತಿ. ಹೆಚ್ಚಿನ ಕಾರುಗಳು ಇವೇ. ಕೆಳಗೆ ಹೋಗುವುದೇ ಇಲ್ಲ, ರಾಡಿನ ತುದಿಯಲ್ಲಿ ಕೊಕ್ಕೆಯೋ ತಲೆಯೋ ಇದೆ ಎಂದರೆ ಎಳೆಯುವ ಜಾತಿ, ನೋಸ್ ಪ್ಲೈಯರಿನಿಂದ ಹಿಡಿದು ಮೇಲಕ್ಕೆ ಎತ್ತಬೇಕು. ರಾಡ್ ಸಾಗಬೇಕಾದ್ದು ಸುಮಾರು ಅರ್ಧದಿಂದ ಒಂದು ಸೆಂಟಿಮೀಟರ್ ಮಾತ್ರ. ಅಷ್ಟಕ್ಕೆ ಬೇಕಾದಷ್ಟೇ ಒತ್ತಡ ಕೊಡಿ. ಒತ್ತುವ ಜಾತಿಯಾದರೆ ಅಲೆನ್ ಕೀಗೆ ಅಳತೆಯ ಗುರುತಾಗಿ ಒಂದು ಸುತ್ತು ಟೇಪ್ ಹಾಕಿಕೊಂಡರೆ ಎಷ್ಟು ಒಳಗೆ ಹೋಯಿತೆಂದು ಕಣ್ಣಿಗೆ ಗೊತ್ತಾಗುತ್ತದೆ.

ಇನ್ನು ಕ್ರಮ. ಕೀ ‘ಆನ್’, ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಮೇಲೆ, ಕಲ್ಲು ಟೈರಿಗೆ.

1. ಬಲಗಾಲಿನಿಂದ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ‘ಟಕ್’ ಕೇಳಲಿ.
2. ಒಂದು ಕೈಯಿಂದ ರಾಡ್ ಒತ್ತಿ (ಅಥವಾ ಎತ್ತಿ), ಇನ್ನೊಂದು ಕೈಯಿಂದ ಲಿವರಿನ ಕುತ್ತಿಗೆ ಹಿಡಿಯಿರಿ.
3. ‘ಪಿ’ಯಿಂದ ‘ಆರ್’ ದಾಟಿ ‘ಎನ್’ಗೆ ಒಂದೇ ಚಲನೆಯಲ್ಲಿ ತನ್ನಿ.
4. ರಾಡ್ ಬಿಡಿ. ಲಿವರನ್ನು ಸ್ವಲ್ಪ ಅಲುಗಾಡಿಸಿದರೆ ಕಚ್ಚಿಗೆ ಕೂತದ್ದು ಕೈಗೆ ತಿಳಿಯುತ್ತದೆ.
5. ಮೀಟರಿನಲ್ಲಿ ‘ಎನ್’ ಬಂದಿದೆಯೇ ನೋಡಿ. ಕನ್ಸೋಲ್ ಮೇಲಿನ ಅಕ್ಷರವನ್ನು ನಂಬಬೇಡಿ, ಮೀಟರನ್ನು ನಂಬಿ.

ಬಾರದಿದ್ದರೆ ಒಂದು ಸಲ ಪಕ್ಕದ ರಂಧ್ರವನ್ನೂ ಒತ್ತಿಸಿ ನೋಡಿ, ಅದಕ್ಕೆ ಇನ್ನೊಬ್ಬರ ಕೈ ಬೇಕು. ಎರಡೂ ಬೀಗ ಒಟ್ಟಿಗೆ ಹಿಡಿದಿರುವುದೂ ಉಂಟು. ಆಗಲೂ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ. ಬುಡದ ಪಿನ್ ಬಾಗಿದ್ದರೆ ಹೊರಗಿನಿಂದ ಮಾಡುವಂಥದ್ದು ಏನೂ ಇಲ್ಲ.

ಕಾರನ್ನು ಶೆಡ್ಡಿನಿಂದ ಹೊರತರಲು ಅಥವಾ ರಿಕವರಿ ವ್ಯಾನಿಗೆ ಏರಿಸಲು ಇಷ್ಟು ಸಾಕು. ‘ಎನ್’ ಬಂದ ಮೇಲೆ ಕೆಲಸ ಮುಗಿಯಿತು, ಇಲ್ಲಿಂದ ಮುಂದೆ ಓಡಿಸದೆ ಇರುವುದೇ ನಮ್ಮ ಸಲಹೆ. ಓಡಿಸಲೇಬೇಕಾದವರಿಗೆ ಮುಂದಿನ ಹಂತ.

## ಹಂತ 6: ಗ್ಯಾರೇಜಿನ ತನಕ ಓಡಿಸುವುದು

ತಾತ್ಕಾಲಿಕ ಹಿಡಿ ಮಾಡಿಕೊಳ್ಳಿ. ನಳಿಕೆಯ ಬಾಯಿ ಹರಿತ ಇರುತ್ತದೆ, ಸುತ್ತ ಟೇಪ್ ಹಾಕಿ. ಹೋಸ್ ಪೈಪ್ ತುಂಡನ್ನು ಲಿವರಿನ ಕುತ್ತಿಗೆಗೆ ತೂರಿಸಿ ಕ್ಲಿಪ್ ಬಿಗಿಯಿರಿ. ಪೈಪ್ ಗಟ್ಟಿಯಾದರೆ ಬಿಸಿ ನೀರಿನಲ್ಲಿ ಒಂದು ನಿಮಿಷ ಅದ್ದಿ. ಮೇಲಿನ ಬಾಯಿ ತೆರೆದೇ ಇರಲಿ, ಅಲೆನ್ ಕೀ ಹೋಗಬೇಕು. ವೈಸ್ ಗ್ರಿಪ್ (ಬಿಗಿದು ಕಚ್ಚಿ ನಿಲ್ಲುವ ಪ್ಲೈಯರ್) ಕಚ್ಚಿಸಿದರೆ ಹಿಡಿತ ಸಿಗುತ್ತದೆ ನಿಜ, ಆದರೆ ಲಿವರಿನಲ್ಲಿ ನಾಬ್ ಕೂರುವ ಜಾಗ ಹಾಳಾಗಿ ಹೊಸ ನಾಬ್ ಕೂರುವುದಿಲ್ಲ.

ಯಾವ ಚಲನೆಗೆ ರಾಡ್ ಒತ್ತಬೇಕು, ಯಾವುದಕ್ಕೆ ಬೇಡ ಎಂದು ತಿಳಿದಿರಿ. ಸಾಮಾನ್ಯವಾಗಿ ‘ಎನ್’ನಿಂದ ‘ಡಿ’ಗೂ, ‘ಡಿ’ಯಿಂದ ‘ಎನ್’ಗೂ, ‘ಆರ್’ನಿಂದ ‘ಎನ್’ಗೂ ಒತ್ತಬೇಕಿಲ್ಲ. ‘ಪಿ’ಯಿಂದ ಹೊರಡಲು, ‘ಪಿ’ಗೆ ಸೇರಿಸಲು, ‘ಎನ್’ನಿಂದ ‘ಆರ್’ಗೆ ಹೋಗಲು ಒತ್ತಲೇಬೇಕು. ಕಾರಿನ ಮ್ಯಾನುಯಲ್‌ನಲ್ಲಿ ಬಾಣಗಳ ಚಿತ್ರದಲ್ಲಿ ಇದೆಲ್ಲ ಇರುತ್ತದೆ, ಹೊರಡುವ ಮೊದಲು ನೋಡಿ.

ಇದರಿಂದ ಒಂದು ಅನುಕೂಲ ಇದೆ. ಎಂಜಿನ್ ‘ಪಿ’ಯಲ್ಲಿ ಮಾತ್ರವಲ್ಲ, ‘ಎನ್’ನಲ್ಲೂ ಸ್ಟಾರ್ಟ್ ಆಗುತ್ತದೆ. ಹಾಗಾಗಿ ‘ಎನ್’ನಲ್ಲಿ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ‘ಡಿ’ಗೆ ಹಾಕಿ, ಮೀಟರ್ ನೋಡಿ, ಯಾರನ್ನಾದರೂ ಕಳಿಸಿ ಕಲ್ಲು ತೆಗೆಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಹೊರಡಬಹುದು. ಕಲ್ಲು ತೆಗೆಯುವವರು ಕಾರಿನ ಪಕ್ಕದಲ್ಲಿ ನಿಲ್ಲಬೇಕು, ಮುಂದೆ ಹಿಂದೆ ಅಲ್ಲ. ರಿವರ್ಸ್ ಬೇಕಾಗದ ದಾರಿ, ರಿವರ್ಸ್ ಬೇಕಾಗದ ಗ್ಯಾರೇಜ್ ಆರಿಸಿ. ಎದುರು ಬದುರು ವಾಹನ ಬಂದರೆ ಹಿಂದಕ್ಕೆ ಸರಿಯಬೇಕಾದ ಒಳದಾರಿಗಿಂತ ಐದಾರು ಕಿಲೋಮೀಟರ್ ಸುತ್ತಾದರೂ ಅಗಲದ ರಸ್ತೆ ಒಳ್ಳೆಯದು.

ರಿವರ್ಸ್ ಹಾಕಲೇಬೇಕಾದರೆ ಕಾರು ಪೂರ್ತಿ ನಿಲ್ಲಲಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಕಾಲು ಬ್ರೇಕ್ ಮೇಲಿರಲಿ. ಆಮೇಲೆ ಎರಡೂ ಕೈ ಸ್ಟಿಯರಿಂಗ್ ಬಿಟ್ಟು ರಾಡ್ ಒತ್ತಿ. ಉರುಳುತ್ತಿರುವಾಗ ಇದನ್ನು ಮಾಡಿ ಲಿವರ್ ‘ಆರ್’ ದಾಟಿ ‘ಪಿ’ಗೆ ಜಾರಿದರೆ ‘ಪಿ’ಯ ಕೊಕ್ಕೆ ಕಟಕಟ ಎಂದು ಗೇರಿನ ಹಲ್ಲಿನ ಮೇಲೆ ಹಾರುತ್ತದೆ, ಮುರಿಯಲೂಬಹುದು.

ರಾತ್ರಿ, ಜೋರು ಮಳೆ, ಹೆದ್ದಾರಿ ಕೆಲಸದಿಂದ ಸರ್ವಿಸ್ ರಸ್ತೆಗೆ ವಾಹನ ತುಂಬಿದ ಹೊತ್ತು, ಇವು ಮೂರರಲ್ಲಿ ಒಂದಿದ್ದರೂ ಓಡಿಸಬೇಡಿ. ರಿಕವರಿ ಕರೆಸುವುದಾದರೆ ಇಡೀ ಕಾರನ್ನು ಮೇಲೇರಿಸುವ ಫ್ಲಾಟ್ ಬೆಡ್ ಕೇಳಿ. ಎಂಜಿನ್ ಆಫ್ ಇದ್ದಾಗ ಗೇರ್ ಬಾಕ್ಸಿನ ಎಣ್ಣೆ ಪಂಪ್ ತಿರುಗುವುದಿಲ್ಲ. ಮುಂದಿನ ಚಕ್ರ ನೆಲದ ಮೇಲಿಟ್ಟು ದೂರ ಎಳೆದರೆ ಎಣ್ಣೆಯಿಲ್ಲದೆ ಒಳಗಿನ ಭಾಗಗಳು ಸವೆಯುತ್ತವೆ, ಸಿವಿಟಿ ಕಾರಿಗಂತೂ ದೊಡ್ಡ ಖರ್ಚು. ದೂಡಿ ಸ್ಟಾರ್ಟ್ ಮಾಡುವುದು ಇಂಥ ಕಾರುಗಳಲ್ಲಿ ಆಗುವುದಿಲ್ಲ.

## ಓಡಿಸುತ್ತಿರುವಾಗಲೇ ನಾಬ್ ಕೈಗೆ ಬಂದರೆ

ಗಾಬರಿಗೆ ಕಾರಣವಿಲ್ಲ. ಕಾರು ‘ಡಿ’ಯಲ್ಲಿದೆ, ‘ಡಿ’ಯಲ್ಲೇ ಇರುತ್ತದೆ. ನಾಬನ್ನು ಪಕ್ಕದ ಸೀಟಿಗೆ ಹಾಕಿ, ಕಾಲಡಿಗೆ ಬೀಳಲು ಬಿಡಬೇಡಿ, ಬ್ರೇಕ್ ಪೆಡಲಿನ ಅಡಿಗೆ ಹೋದರೆ ನಿಜವಾದ ಅಪಾಯ ಅದು. ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಲಿವರಿನ ಕುತ್ತಿಗೆ ಹಿಡಿದು ‘ಎನ್’ಗೆ ದೂಡಿ, ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿ.

‘ಪಿ’ಗೆ ಹಾಕದೆ ಕೀ ಹೊರಗೆ ಬಾರದಿರಬಹುದು. ಕೀ ಎಳೆದು ಮುರಿಯಬೇಡಿ. ಬಟನ್ ಸ್ಟಾರ್ಟ್ ಕಾರುಗಳು ‘ಪಿ’ಯಲ್ಲಿ ಇಲ್ಲದಿದ್ದರೆ ಪೂರ್ತಿ ಆಫ್ ಆಗದೆ ಅರ್ಧದಲ್ಲೇ ನಿಂತು ಬ್ಯಾಟರಿ ಇಳಿಸುತ್ತವೆ. ರಾತ್ರಿಯಿಡೀ ನಿಲ್ಲಿಸುವುದಾದರೆ ಬ್ಯಾಟರಿಯ ನೆಗೆಟಿವ್ ಕಳಚಿಡಿ. ಹಲವು ಕಾರುಗಳಲ್ಲಿ ಅದಕ್ಕೆ 10 ನಂಬರ್ ಸ್ಪ್ಯಾನರ್ ಸಾಕು. ಟೈರಿಗೆ ಕಲ್ಲು ಕೊಡಲು ಮರೆಯಬೇಡಿ, ‘ಎನ್’ನಲ್ಲಿರುವ ಕಾರನ್ನು ಹ್ಯಾಂಡ್ ಬ್ರೇಕ್ ಒಂದೇ ಹಿಡಿದಿದೆ.

## ಪದೇ ಪದೇ ಆಗುವ ತಪ್ಪುಗಳು

ಎಲ್ಲಕ್ಕಿಂತ ಕೆಟ್ಟದು ರಾಡನ್ನು ಒತ್ತಿದ ಸ್ಥಿತಿಯಲ್ಲೇ ಕಡ್ಡಿ ತುರುಕಿಯೋ ಕೇಬಲ್ ಟೈ ಬಿಗಿದೋ ನಿಲ್ಲಿಸುವುದು. ‘ಪ್ರತಿ ಸಲ ಒತ್ತುವ ಕಷ್ಟ ಬೇಡ’ ಎಂದು ಮಾಡುತ್ತಾರೆ, ಕೆಲವು ಕಡೆ ಮೆಕ್ಯಾನಿಕ್‌ಗಳೂ ಮಾಡಿಕೊಡುತ್ತಾರೆ. ಆಗ ‘ಡಿ’ಗೂ ‘ಆರ್’ಗೂ ನಡುವೆ ಯಾವ ತಡೆಯೂ ಇಲ್ಲ. ಓಡುತ್ತಿರುವಾಗ ಮಗುವಿನ ಕಾಲು, ಜಾರಿದ ಸಂಚಿ, ಮೊಣಕೈ ತಾಗಿದರೂ ಲಿವರ್ ‘ಆರ್’ಗೆ ಹೋಗಬಹುದು. ನಿಂತ ಕಾರು ‘ಪಿ’ಯಿಂದ ಜಾರುವುದೂ ಹೀಗೆಯೇ. ಇಂಥ ಕಟ್ಟು ಇರುವ ಕಾರಿನಲ್ಲಿ ಕೂರಬೇಡಿ.

ಬಟನಿಗೆ ಫೆವಿಕ್ವಿಕ್ ಹಾಕುವುದು ಇನ್ನೊಂದು. ಅದು ನೀರಿನಂತೆ ಹರಿದು ರಾಡನ್ನು ನಳಿಕೆಗೆ ಅಂಟಿಸಿಬಿಡುತ್ತದೆ. ಎಂ-ಸೀಲ್ ಹಾಕಿದರೆ ಹೊರಗಿನ ಒಡಕು ನಿಲ್ಲಬಹುದು. ಒಳಗಿನ ಓರೆ ತುಂಡಿನ ಮೇಲೆ ಪ್ರತಿ ಸಲ ಬೀಳುವ ಭಾರವನ್ನು ಅದು ತಡೆಯುವುದಿಲ್ಲ.

ಬಟನ್ ಬಿಗಿಯಾಗಿದೆ ಎಂದು ತೆಂಗಿನೆಣ್ಣೆ ಬಿಡುವವರೂ ಇದ್ದಾರೆ. ಕೈಗೆ ಸಿಗುವ ಎಣ್ಣೆ ಅದೇ ಆದ್ದರಿಂದ ಸಹಜ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಎಸಿಯ ತಣ್ಣನೆ ಗಾಳಿ ಲಿವರಿಗೆ ನೇರ ಬಡಿಯುವ ಕಾರಿನಲ್ಲಿ ಅದು ಮೇಣವಾಗಿ ನಿಂತು, ಬಟನ್ ಮೊದಲಿಗಿಂತ ಬಿಗಿಯಾಗುತ್ತದೆ. ಸಿಲಿಕೋನ್ ಗ್ರೀಸ್ ಅಕ್ಕಿ ಕಾಳಿನಷ್ಟು ಸಾಕು. ಚೆಲ್ಲಿದ ಜ್ಯೂಸ್, ಚಹಾದ ಅಂಟಿನಿಂದ ಬಿಗಿಯಾಗಿದ್ದರೆ ಎಣ್ಣೆಯೇ ಬೇಡ, ನಾಬ್ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

## ಹಂತ 7: ಹೊಸ ನಾಬ್ ತರುವುದು, ಕೂರಿಸುವುದು

ಬಿಡಿಭಾಗದ ಅಂಗಡಿಗೆ ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಚಾಸಿಸ್ ನಂಬರ್ ಕೊಟ್ಟೇ ಆರ್ಡರ್ ಮಾಡಿ. ಒಂದೇ ಹೆಸರಿನ ಕಾರಿಗೆ ಎರಡು ಮೂರು ಬಗೆಯ ನಾಬ್ ಇರುತ್ತದೆ. ಒಳಗಿನ ಓರೆ ತುಂಡು ಹೆಚ್ಚಾಗಿ ಬಿಡಿಯಾಗಿ ಸಿಗುವುದಿಲ್ಲ, ಇಡೀ ನಾಬ್ ಕೊಳ್ಳಬೇಕು. ಆನ್‌ಲೈನಿನಲ್ಲಿ ‘ಎಲ್ಲ ಕಾರಿಗೂ ಹೊಂದುತ್ತದೆ’ ಎಂದು ಮಾರುವ ಚಂದದ ನಾಬುಗಳಲ್ಲಿ ಹಲವು ಮ್ಯಾನುಯಲ್ ಗೇರಿನವು, ರಾಡ್ ಒತ್ತುವ ವ್ಯವಸ್ಥೆ ಅವುಗಳಲ್ಲಿ ಇರುವುದೇ ಇಲ್ಲ. ಗುಜರಿಯಿಂದ ತರುವುದಾದರೆ ಹಳೆಯ ನಾಬ್ ಜೊತೆಗಿರಲಿ: ಒತ್ತುವ ಜಾತಿಯೋ ಎಳೆಯುವುದೋ, ಬುಡದ ರಂಧ್ರದ ಅಳತೆ, ಸ್ಕ್ರೂವಿನ ಜಾಗ, ವೈರಿನ ಸಾಕೆಟ್, ಈ ನಾಲ್ಕೂ ಹೊಂದಬೇಕು. ಫೋನಿನಲ್ಲಿ ಮೆಕ್ಯಾನಿಕ್ ಹತ್ತಿರ ತುಳು, ಮಲಯಾಳ, ಕನ್ನಡ ಯಾವುದರಲ್ಲಿ ಮಾತಾಡಿದರೂ ಇವನ್ನೇ ಹೇಳಿ, ಹಂತ 4ರ ಫೋಟೋ ಕಳಿಸಿ.

ಕೂರಿಸುವಾಗ ಲಿವರ್ ‘ಎನ್’ನಲ್ಲಿರಲಿ, ಟೈರಿಗೆ ಕಲ್ಲು ಇರಲಿ. ಮೊದಲು ವೈರ್ ಜೋಡಿಸಿ, ಆಮೇಲೆ ನಾಬ್ ಇಳಿಸಿ. ಸ್ಕ್ರೂ ಬಿಗಿಯುವ ಮೊದಲೇ ಬಟನ್ ಒತ್ತಿ, ರಾಡ್ ಸಾಗುವ ಸ್ಪ್ರಿಂಗಿನ ತಡೆ ಬೆರಳಿಗೆ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ರಾಡಿನ ತುದಿ ಓರೆ ತುಂಡಿನ ಪಕ್ಕಕ್ಕೆ ಸರಿದಿದೆ, ಎತ್ತಿ ಮತ್ತೆ ಇಳಿಸಿ. ಹೀಗೆ ನೋಡದೆ ಬಿಗಿದವರ ಹೊಸ ನಾಬ್ ಮೊದಲ ಒತ್ತಿಗೇ ಮುರಿಯುತ್ತದೆ. ಸ್ಕ್ರೂ ಕೈಬಿಗಿ ಸಾಕು.

## ಹಂತ 8: ಪರೀಕ್ಷೆ

ಸಮತಟ್ಟು ಜಾಗದಲ್ಲಿ ಕಾರು ‘ಪಿ’ಯಲ್ಲಿಟ್ಟು, ಕೀ ‘ಆನ್’ ಮಾಡಿ. ಬ್ರೇಕ್ ಒತ್ತದೆ ಬಟನ್ ಮೆಲ್ಲಗೆ ಒತ್ತಿ ಎಳೆಯಿರಿ: ಬರಬಾರದು. ಬ್ರೇಕ್ ಒತ್ತಿ, ಬಟನ್ ಒತ್ತದೆ ಎಳೆಯಿರಿ: ಬರಬಾರದು. ಎರಡೂ ಒತ್ತಿದಾಗ ಸಲೀಸಾಗಿ ಬರಬೇಕು. ‘ಎನ್’ನಲ್ಲಿಟ್ಟು ಬಟನ್ ಮುಟ್ಟದೆ ‘ಆರ್’ ಕಡೆಗೆ ದೂಡಿ: ಹೋಗಬಾರದು. ‘ಆರ್’ಗೆ ಹಾಕಿದಾಗ ಹಿಂದಿನ ಬಿಳಿ ಲೈಟ್ ಉರಿಯಬೇಕು.

ಆಮೇಲೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ‘ಆರ್’ನಲ್ಲೂ ‘ಡಿ’ಯಲ್ಲೂ ಸ್ಟಾರ್ಟ್ ಮಾಡಲು ನೋಡಿ. ಎಂಜಿನ್ ತಿರುಗಬಾರದು. ತಿರುಗಿದರೆ ಕೇಬಲ್ ಹೊಂದಾಣಿಕೆ ತಪ್ಪಿದೆ, ಆ ಕಾರನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್ ಕರೆಸಿ.

ಕೊನೆಗೆ ಸಣ್ಣ ಇಳಿಜಾರಿನಲ್ಲಿ, ಟೈರಿನಿಂದ ಒಂದು ಇಂಚು ಕೆಳಗೆ ಕಲ್ಲು ಇಟ್ಟು, ‘ಪಿ’ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು, ಕಾಲು ನಿಧಾನಕ್ಕೆ ತೆಗೆಯಿರಿ. ಸ್ವಲ್ಪ ಜಗ್ಗಿ ನಿಲ್ಲಬೇಕು. ಕಲ್ಲಿಗೆ ತಾಗುವ ತನಕ ಹೋದರೆ, ಅಥವಾ ಕಟಕಟ ಸದ್ದು ಬಂದರೆ, ‘ಪಿ’ ಪೂರ್ತಿ ಕೂರದೆ ಇರಬಹುದು.

ಇನ್ನು ಮುಂದೆ ಪ್ರತಿ ಸಲ ನಿಲ್ಲಿಸುವ ಕ್ರಮ: ಬ್ರೇಕ್ ಒತ್ತಿ ನಿಲ್ಲಿಸಿ, ‘ಎನ್’ಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಕಾಲು ಸಡಿಲಿಸಿ ಕಾರಿನ ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂರಲು ಬಿಡಿ, ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ಬೆಳಿಗ್ಗೆ ಲಿವರ್ ಒಂದೇ ಬೆರಳಿನ ಒತ್ತಿಗೆ ಬರುತ್ತದೆ, ಬಟನ್ ಮೇಲೆ ಬಲ ಬೀಳುವುದಿಲ್ಲ.